ಫಿನ್ಲೆಂಡಿನ ಸೌನಾ: ಒಲೆ ಕಾಯಿಸುವುದರಿಂದ ಕೋಣೆ ಒಣಗಿಸುವವರೆಗೆ

ಸೌನಾ ಎಂದರೆ ಕಲ್ಲು ತುಂಬಿದ ಒಲೆಯಿರುವ ಬಿಸಿ ಸ್ನಾನದ ಕೋಣೆ. ಅಲ್ಲಿ ಕಾದ ಕಲ್ಲಿನ ಮೇಲೆ ನೀರು ಬಿದ್ದಾಗ ಏಳುವ ಹಬೆಯನ್ನು ಫಿನ್ಲೆಂಡಿನಲ್ಲಿ ಲೊಯ್ಲು ಎನ್ನುತ್ತಾರೆ. ಒಲೆ, ಮರದ ಗೋಡೆ, ಕೂರಲು ಮೆಟ್ಟಿಲಂತೆ ಕಟ್ಟಿದ ಹಲಗೆಯ ಅಟ್ಟ, ಗಾಳಿಕಿಂಡಿ, ಎಲ್ಲವೂ ಇರುವುದು ಈ ಹಬೆ ಹದವಾಗಿ ಬರಲೆಂದೇ. ಆದ್ದರಿಂದ ‘ಕಲ್ಲಿಗೆ ನೀರು ಹಾಕಬೇಡಿ’ ಎಂದು ಫಲಕ ತಗುಲಿಸಿದ ಬಿಸಿ ಕೋಣೆಯನ್ನು ಅಲ್ಲಿನವರು ಸೌನಾ ಎಂದು ಒಪ್ಪುವುದಿಲ್ಲ. ನಮ್ಮ ಊರುಗಳ ಜಿಮ್ಮು, ಹೋಟೆಲುಗಳಲ್ಲೂ ಇಂಥ ಫಲಕ ಕಾಣಸಿಗುತ್ತದೆ. ಸ್ಟೀಮ್ ಬಾತ್ ಬೇರೆಯೇ ಬಗೆ: ಅಲ್ಲಿ ಶಾಖ 40ರಿಂದ 50 ಡಿಗ್ರಿ ಸೆಲ್ಸಿಯಸ್, ಗಾಳಿಯ ತೇವಾಂಶ ಹತ್ತಿರ ಹತ್ತಿರ ನೂರಕ್ಕೆ ನೂರು. ಫಿನ್ನಿಷ್ ಸೌನಾದಲ್ಲಿ ಮೇಲಿನ ಅಟ್ಟದ ಶಾಖ 70ರಿಂದ 100 ಡಿಗ್ರಿ, ಸಾಮಾನ್ಯವಾಗಿ 80ರ ಆಸುಪಾಸು. ಗಾಳಿ ಒಣ, ನೀರು ಹಾಕಿದಾಗ ಮಾತ್ರ ಕೆಲ ನಿಮಿಷ ತೇವ. ಇನ್‌ಫ್ರಾರೆಡ್ ಪೆಟ್ಟಿಗೆಗಳಲ್ಲಿ ಕಲ್ಲೂ ಇಲ್ಲ, ಹಬೆಯೂ ಇಲ್ಲ. ಅವನ್ನು ಈ ಲೆಕ್ಕಕ್ಕೆ ಸೇರಿಸುವ ಹಾಗಿಲ್ಲ.

ಸುಮಾರು 56 ಲಕ್ಷ ಜನರಿರುವ ಫಿನ್ಲೆಂಡಿನಲ್ಲಿ 30 ಲಕ್ಷಕ್ಕೂ ಹೆಚ್ಚು ಸೌನಾಗಳಿವೆ ಎಂಬುದು ಅಂದಾಜು. ಫ್ಲ್ಯಾಟಿನ ಬಚ್ಚಲಿಗೆ ಅಂಟಿಕೊಂಡೇ ಒಂದು ಇರುತ್ತದೆ, ಇಲ್ಲವೇ ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿದ್ದೊಂದು. ಕೆಲಸಕ್ಕೋ ಓದಿಗೋ ಹೆಲ್ಸಿಂಕಿ, ಎಸ್ಪೊ, ತಾಂಪೆರೆ, ಔಲುಗಳಿಗೆ ಹೋದ ಕನ್ನಡಿಗರಿಗೆ ಸಹೋದ್ಯೋಗಿಯೊಬ್ಬರು ‘ಶನಿವಾರ ಸೌನಾಕ್ಕೆ ಬನ್ನಿ’ ಎಂದು ಕರೆಯುವ ದಿನ ಬಂದೇ ಬರುತ್ತದೆ. ಅದು ಮನೆಯೊಳಗೆ ಬಿಟ್ಟುಕೊಳ್ಳುವ ಕರೆ. ಸಂಕೋಚಪಟ್ಟು ತಪ್ಪಿಸಿಕೊಳ್ಳುವ ಬದಲು, ಒಳಗೆ ಏನು ನಡೆಯುತ್ತದೆ, ಏಕೆ ಹಾಗೆ ನಡೆಯುತ್ತದೆ ಎಂದು ತಿಳಿದು ಹೋಗುವುದು ಮೇಲು.

ಸ್ನಾನದ ಕೋಣೆಯಷ್ಟೇ ಅಲ್ಲ

ಹಳ್ಳಿಯ ಸೌನಾ ಇಡೀ ಮನೆತನದ ಕೆಲಸದ ಕೋಣೆಯಾಗಿತ್ತು. ವಾರದ ಸ್ನಾನ, ಬಟ್ಟೆ ಒಗೆತ ಅಲ್ಲೇ. ಬಾರ್ಲಿಯ ಮೊಳಕೆ ಒಣಗಿಸುವುದು, ಮಾಂಸಕ್ಕೆ ಹೊಗೆ ಕೊಡುವುದು, ಅಗಸೆನಾರು ಹದಮಾಡುವುದು ಅಲ್ಲೇ. ಕೊಂಬಿನ ಬುರುಡೆ ಹಚ್ಚಿ ಕೆಟ್ಟ ರಕ್ತ ತೆಗೆಯುವ ನಾಟಿ ಚಿಕಿತ್ಸೆಯೂ ಅಲ್ಲೇ ನಡೆಯುತ್ತಿತ್ತು. ಬೆಚ್ಚಗಿರುವ, ಬಿಸಿನೀರು ಸಿಗುವ, ಮನೆಯ ಗದ್ದಲದಿಂದ ದೂರವಿರುವ ಜಾಗವೆಂದು ಹೆರಿಗೆಯೂ ಅಲ್ಲಿ ಆಗುತ್ತಿತ್ತು. 20ನೇ ಶತಮಾನದ ಮೊದಲ ದಶಕಗಳವರೆಗೂ ಅನೇಕರು ಹುಟ್ಟಿದ್ದು ಸೌನಾದಲ್ಲಿ. ಸತ್ತವರನ್ನು ತೊಳೆದು ಅಣಿಮಾಡುತ್ತಿದ್ದುದೂ ಅದೇ ಹಲಗೆಗಳ ಮೇಲೆ. ಹುಟ್ಟು ಸಾವು ಎರಡನ್ನೂ ಕಂಡ ಜಾಗವಾದ್ದರಿಂದಲೇ ‘ಸೌನಾದಲ್ಲಿ ಚರ್ಚಿನಲ್ಲಿ ಇದ್ದಂತೆ ಇರಬೇಕು’ ಎಂಬ ಗಾದೆ ಅಲ್ಲಿ ಬೆಳೆದಿದೆ. ಬೈಗುಳ, ಜಗಳ, ಜೋರು ಮಾತು ಅಲ್ಲಿ ಸಲ್ಲದು. ಫಿನ್ಲೆಂಡಿನ ಸೌನಾ ಸಂಸ್ಕೃತಿಯನ್ನು 2020ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಪಕ್ಕದ ಎಸ್ಟೋನಿಯಾದ ವೊರುಮಾ ಪ್ರದೇಶದ ಹೊಗೆ ಸೌನಾ ಸಂಪ್ರದಾಯ 2014ರಲ್ಲೇ ಆ ಪಟ್ಟಿಯಲ್ಲಿತ್ತು.

ವಾರದಲ್ಲಿ ಶನಿವಾರ ಸೌನಾದ ದಿನ. ವರ್ಷದಲ್ಲಿ ಎರಡು ದೊಡ್ಡ ಸೌನಾಗಳು: ಜೂನ್ ಕೊನೆಗೆ ಬರುವ ಯುಹನ್ನುಸ್ ಹಬ್ಬದ್ದು, ಡಿಸೆಂಬರ್ 24ರ ಕ್ರಿಸ್‌ಮಸ್ ಮುನ್ನಾದಿನದ್ದು. ನಮ್ಮಲ್ಲಿ ದೀಪಾವಳಿಗೆ ನೀರು ತುಂಬುವ ಹಬ್ಬದಂದು ಹಂಡೆ ಬೆಳಗಿ ಒಲೆ ಸಾರಿಸುವ ಹಾಗೆಯೇ ಅಲ್ಲಿ ಕ್ರಿಸ್‌ಮಸ್ ಸೌನಾಕ್ಕೆ ಮುಂಚೆ ಹಲಗೆಗಳನ್ನು ಉಜ್ಜಿ ತೊಳೆಯುತ್ತಾರೆ. ಮಧ್ಯಾಹ್ನವೇ ಎಲ್ಲರ ಸ್ನಾನ ಮುಗಿಸಿ, ಕೊನೆಗೊಂದು ಸೌಟು ನೀರು ಕಲ್ಲಿಗೆ ಹಾಕಿ ಬಾಗಿಲು ಮುಂದೆ ಮಾಡಿ ಬರುವುದು ರೂಢಿ. ಆ ಹಬೆ ಸೌನಾವನ್ನು ಕಾಯುವ ತೊಂತ್ತು ಎಂಬ ಪುಟ್ಟ ಮನೆದೇವರಿಗೆ. ಹಿಂದಿನ ನಂಬಿಕೆಯಲ್ಲಿ, ತೀರಿಕೊಂಡ ಹಿರಿಯರಿಗೆ.

ಮೂರು ಬಗೆಯ ಒಲೆ

ಕಲ್ಲು ತುಂಬಿದ ಸೌನಾ ಒಲೆಗೆ ಕಿಯುವಸ್ ಎಂದು ಹೆಸರು. ಅದರ ಬಗೆಯ ಮೇಲೆ ಸೌನಾದ ಸ್ವಭಾವವೇ ಬದಲಾಗುತ್ತದೆ.

ಎಲ್ಲಕ್ಕಿಂತ ಹಳೆಯದು ಸವುಸೌನಾ, ಎಂದರೆ ಹೊಗೆ ಸೌನಾ. ಇದಕ್ಕೆ ಹೊಗೆಕೊಳವೆ ಇಲ್ಲ. ನೂರಾರು ಕಿಲೋ ಕಲ್ಲಿನ ರಾಶಿಯ ಕೆಳಗೆ ಗಂಟೆಗಟ್ಟಲೆ, ದೊಡ್ಡದಾದರೆ ಆರೆಂಟು ಗಂಟೆ, ಬೆಂಕಿ ಉರಿಸುತ್ತಾರೆ. ಹೊಗೆ ಕೋಣೆಯನ್ನೆಲ್ಲ ತುಂಬಿ ಬಾಗಿಲು ಮತ್ತು ಗೋಡೆಯ ಮೇಲಿನ ಕಿಂಡಿಯಿಂದ ಹೊರಹೋಗುತ್ತದೆ. ಬೆಂಕಿ ಪೂರ್ತಿ ಉರಿದು ಮುಗಿದ ಮೇಲೆ ಕೆಂಡ ತೆಗೆದು, ಕಲ್ಲಿಗೆ ಧಾರಾಳವಾಗಿ ನೀರು ಹೊಯ್ದು, ಆ ಹಬೆಯೊಂದಿಗೆ ಉಳಿದ ವಿಷಗಾಳಿಯನ್ನು ಹೊರಗೆ ಅಟ್ಟುತ್ತಾರೆ. ಆಮೇಲೂ ಒಂದು ಗಂಟೆಯೋ ಹೆಚ್ಚೋ ಕೋಣೆಯನ್ನು ಸುಮ್ಮನೆ ಬಿಡಬೇಕು. ಗೋಡೆ ಮಸಿಗಪ್ಪು, ಒಳಗೆ ಕತ್ತಲು. ಹಬೆ ಮಾತ್ರ ಎಷ್ಟು ಮೃದುವೆಂದರೆ ಮೈಮೇಲೆ ಇಳಿಯುವುದೇ ತಿಳಿಯದು. ಬೆಂಕಿ ಅನಾಹುತಕ್ಕೂ ಕಾರ್ಬನ್ ಮಾನಾಕ್ಸೈಡಿಗೂ ಅವಕಾಶ ಹೆಚ್ಚು, ಆದ್ದರಿಂದ ಇದನ್ನು ಕಾಯಿಸುವುದು ಕಲಿತವರ ಕೆಲಸ. ಅತಿಥಿಯಾಗಿ ಹೋಗುವ ಅವಕಾಶ ಸಿಕ್ಕರೆ ಬಿಡಬೇಡಿ. ಸ್ವಂತಕ್ಕೆ ಪ್ರಯೋಗ ಮಾಡಬೇಡಿ.

ಎರಡನೆಯದು ಹೊಗೆಕೊಳವೆಯಿರುವ ಸೌದೆ ಒಲೆ. ಕೆರೆ ದಡದ ಬೇಸಿಗೆ ಮನೆಗಳಲ್ಲಿ ಇರುವುದು ಹೆಚ್ಚಾಗಿ ಇದೇ. ಮೂರನೆಯದು ವಿದ್ಯುತ್ ಒಲೆ. 1930ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ಬಂದು, ಸೌನಾವನ್ನು ಬಹುಮಹಡಿ ಕಟ್ಟಡದೊಳಗೆ ತಂದದ್ದು ಇದೇ. ಕೆಲವರು ಇದನ್ನು ಕೀಳಾಗಿ ಕಾಣುತ್ತಾರೆ. ಅದು ನ್ಯಾಯವಲ್ಲ: ಕಲ್ಲು ಸಾಕಷ್ಟಿದ್ದು ಗಾಳಿಯಾಟ ಸರಿಯಿದ್ದರೆ ವಿದ್ಯುತ್ ಒಲೆಯಲ್ಲೂ ಒಳ್ಳೆಯ ಲೊಯ್ಲು ಬರುತ್ತದೆ.

ಕೋಣೆ ಸರಿಯಿದೆಯೇ ಎಂದು ನೋಡುವುದು

ಬಾಡಿಗೆಗೋ ಕೊಳ್ಳುವುದಕ್ಕೋ ಮನೆ ನೋಡುವಾಗ, ಅಥವಾ ಹೊಸದಾಗಿ ಸೌನಾ ಕಟ್ಟಿಸುವಾಗ, ನಾಲ್ಕು ಸಂಗತಿಗಳು ಮುಖ್ಯ.

ಮೊದಲನೆಯದು ಒಲೆಯ ಶಕ್ತಿ. ಒಂದು ಘನ ಮೀಟರ್ ಜಾಗಕ್ಕೆ ಸುಮಾರು ಒಂದು ಕಿಲೋವ್ಯಾಟ್ ಬೇಕು. ಗಾಜು, ಟೈಲ್ಸ್, ಇಟ್ಟಿಗೆ, ಕಾಂಕ್ರೀಟಿನಂಥ ಶಾಖ ಹೀರುವ ಮೇಲ್ಮೈ ಇದ್ದರೆ, ಅದರ ಪ್ರತಿ ಚದರ ಮೀಟರಿಗೆ 1.2 ಘನ ಮೀಟರ್ ಹೆಚ್ಚಿಗೆ ಲೆಕ್ಕ ಹಿಡಿಯಬೇಕು. ದಿಮ್ಮಿಗಳ ಗೋಡೆಯಾದರೆ ಒಟ್ಟು ಘನಗಾತ್ರವನ್ನು 1.5ರಿಂದ ಗುಣಿಸಿ. ಉದಾಹರಣೆಗೆ 2 ಮೀಟರ್ ಉದ್ದ, 1.8 ಮೀಟರ್ ಅಗಲ, 2.1 ಮೀಟರ್ ಎತ್ತರದ ಕೋಣೆ ಸುಮಾರು 7.6 ಘನ ಮೀಟರ್. ಬಾಗಿಲು ಪೂರ್ತಿ ಗಾಜಿನದಾಗಿದ್ದು 1.3 ಚದರ ಮೀಟರ್ ಇದ್ದರೆ ಇನ್ನೂ 1.6 ಸೇರಿ 9.2 ಆಗುತ್ತದೆ. ಇದಕ್ಕೆ 9 ಕಿಲೋವ್ಯಾಟಿನ ಒಲೆ ಸರಿ. ಆರರದು ಹಾಕಿದರೆ ಕೋಣೆ ಸರಿಯಾಗಿ ಬಿಸಿಯಾಗುವುದಿಲ್ಲ, ವಿದ್ಯುತ್ ಬಿಲ್ಲು ಮಾತ್ರ ಏರುತ್ತದೆ. ಇಷ್ಟು ಶಕ್ತಿಯ ಒಲೆಗೆ ತ್ರೀ ಫೇಸ್ ಸಂಪರ್ಕ ಬೇಕು, ಜೋಡಣೆಯನ್ನು ಪರವಾನಗಿಯಿರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಬೇಕು.

ಎರಡನೆಯದು ಅಟ್ಟದ ಎತ್ತರ. ಅನುಭವಿ ಫಿನ್ನರು ಇದನ್ನು ಸೌನಾದ ಮೊದಲ ನಿಯಮವೆಂದೇ ಹೇಳುತ್ತಾರೆ: ಮೇಲಿನ ಹಲಗೆಯ ಮೇಲೆ ಕುಳಿತವರ ಪಾದಗಳು ಒಲೆಯ ಕಲ್ಲಿನ ಮಟ್ಟಕ್ಕಿಂತ ಮೇಲಿರಬೇಕು. ಹಬೆ ನೇರ ಮೇಲೆದ್ದು ಚಾವಣಿಗೆ ತಾಗಿ ಹರಡಿಕೊಂಡು ಕೆಳಗಿಳಿಯುತ್ತದೆ. ಕಲ್ಲಿಗಿಂತ ಕೆಳಗಿನ ಜಾಗಕ್ಕೆ ಅದು ಬರುವುದೇ ಇಲ್ಲ. ಅಟ್ಟ ತಗ್ಗಾಗಿದ್ದರೆ ಕಿವಿ ಸುಡುತ್ತಿರುವಾಗ ಕಾಲ್ಬೆರಳು ತಣ್ಣಗಿರುತ್ತದೆ. ಕೂರುವ ಹಲಗೆಯಿಂದ ಚಾವಣಿಗೆ 100ರಿಂದ 120 ಸೆಂಟಿಮೀಟರ್ ಇದ್ದರೆ ಹದ. ಅದಕ್ಕಿಂತ ಹೆಚ್ಚಾದರೆ ಒಳ್ಳೆಯ ಶಾಖವೆಲ್ಲ ತಲೆಯ ಮೇಲೆಯೇ ಉಳಿದುಬಿಡುತ್ತದೆ.

ಮೂರನೆಯದು ಗಾಳಿ. ಸೌನಾದಲ್ಲಿ ಉಸಿರು ಕಟ್ಟಿದಂತಾದರೆ ಜನ ಶಾಖವನ್ನು ದೂರುತ್ತಾರೆ. ತಪ್ಪು ಬಹುತೇಕ ಗಾಳಿಯದು. ವಿದ್ಯುತ್ ಒಲೆಯಿರುವಲ್ಲಿ ಹೊಸ ಗಾಳಿ ಒಲೆಯ ಮೇಲ್ಭಾಗದಿಂದ ಒಳಬಂದು, ಕಾದು, ಕೋಣೆ ಸುತ್ತಿ, ಎದುರು ಗೋಡೆಯಲ್ಲಿ ಹಲಗೆಗಳ ಕೆಳಗಿನ ಕಿಂಡಿಯಿಂದ ಹೊರಹೋಗಬೇಕು. ಸೌದೆ ಒಲೆಗೆ ಗಾಳಿಯ ದಾರಿ ಒಲೆಯ ಬುಡದ ಹತ್ತಿರ. ಚಾವಣಿಯ ಹತ್ತಿರವೂ ಒಂದು ಕಿಂಡಿ ಇರುತ್ತದೆ. ಅದು ಸ್ನಾನ ಮುಗಿದ ಮೇಲೆ ಒಣಗಿಸಲು. ಸ್ನಾನದ ಹೊತ್ತಿನಲ್ಲಿ ಅದನ್ನು ತೆರೆದಿಟ್ಟರೆ ಹಬೆಯೆಲ್ಲ ಅದರಲ್ಲೇ ಹೋಗುತ್ತದೆ.

ನಾಲ್ಕನೆಯದು ಮರ. ಗೋಡೆಗೆ ಸ್ಪ್ರೂಸ್ ಆದೀತು. ಕೂರುವ ಹಲಗೆಗೆ ಆಸ್ಪೆನ್ ಅಥವಾ ಆಲ್ಡರ್ ಬೇಕು: ಇವು ಬೇಗ ಕಾಯುವುದಿಲ್ಲ, ಅಂಟು ಸುರಿಸುವುದಿಲ್ಲ. ಪೈನ್ ಹಲಗೆಯಾದರೆ ಕಾದಾಗ ಗಂಟುಗಳಿಂದ ರಾಳ ಒಸರಿ ತೊಡೆಗೆ ಅಂಟಿಕೊಂಡು ಸುಡುತ್ತದೆ. ಹಲಗೆಗೆ ವಾರ್ನಿಷ್ ಬಳಿಯಲೇಬಾರದು. ಮೊಳೆ, ಸ್ಕ್ರೂಗಳ ತಲೆ ಮೇಲೆ ಕಾಣಬಾರದು; ಹಲಗೆಗಳನ್ನು ಕೆಳಗಿನಿಂದ ಜೋಡಿಸಬೇಕು.

ಕಲ್ಲು

ಸಣ್ಣ ವಿದ್ಯುತ್ ಒಲೆಯಲ್ಲಿ 20 ಕಿಲೋದಷ್ಟು, ಕಂಬದಂಥ ಒಲೆಗಳಲ್ಲಿ 100 ಕಿಲೋ ದಾಟಿ ಕಲ್ಲು ಇರುತ್ತದೆ. ಕಲ್ಲು ಹೆಚ್ಚಿದ್ದಷ್ಟೂ ಕಾಯಲು ಹೆಚ್ಚು ಹೊತ್ತು ಬೇಕು, ಹಬೆಯೂ ಅಷ್ಟೇ ಮೃದು. ಬಳಸುವುದು ಆಲಿವಿನ್ ಡಯಾಬೇಸ್, ಪೆರಿಡೊಟೈಟ್‌ನಂಥ ಕಪ್ಪು ಅಗ್ನಿಶಿಲೆ. ಹೊಳೆಯಂಚಿನಲ್ಲಿ ಸಿಕ್ಕಿದ ಯಾವುದೋ ಕಲ್ಲು ತಂದು ಹಾಕಿದರೆ ಒಳಗಿನ ತೇವ ಕಾದು ಸಿಡಿಯಬಹುದು. ವಿದ್ಯುತ್ ಒಲೆಗೆ 5ರಿಂದ 10 ಸೆಂಟಿಮೀಟರಿನ, ಸೌದೆ ಒಲೆಗೆ 10ರಿಂದ 15 ಸೆಂಟಿಮೀಟರಿನ ಕಲ್ಲು ಸಾಮಾನ್ಯ. ನಿಮ್ಮ ಒಲೆಯ ಕೈಪಿಡಿ ಹೇಳಿದ ಅಳತೆಯನ್ನೇ ಹಿಡಿಯಿರಿ.

ಜೋಡಿಸುವ ಮುಂಚೆ ಕಲ್ಲಿನ ಧೂಳು ತೊಳೆಯಿರಿ. ದೊಡ್ಡವು ತಳಕ್ಕೆ, ಸಣ್ಣವು ಮೇಲಕ್ಕೆ. ವಿದ್ಯುತ್ ಒಲೆಯ ಕಾಯುವ ಸರಳುಗಳು ಹೊರಗೆ ಕಾಣಬಾರದು. ಹಾಗೆಂದು ಅವುಗಳ ನಡುವೆ ಕಲ್ಲು ಗಿಡಿದು ತುಂಬಲೂಬಾರದು. ಗಾಳಿ ಹರಿಯದಿದ್ದರೆ ಸರಳು ಅತಿಯಾಗಿ ಕಾದು ಬೇಗ ಸುಟ್ಟುಹೋಗುತ್ತದೆ. ಕಾಯುವುದು ತಣಿಯುವುದು ಆಗಿ ಆಗಿ ಕಲ್ಲು ಪುಡಿಯಾಗುತ್ತದೆ, ರಾಶಿ ಕುಸಿಯುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆಯಾದರೂ ಎಲ್ಲವನ್ನೂ ಹೊರಗೆ ತೆಗೆದು, ಬಿರುಕು ಬಿಟ್ಟವನ್ನು ಎಸೆದು, ತಳದ ಪುಡಿ ಗುಡಿಸಿ, ಮತ್ತೆ ಜೋಡಿಸಬೇಕು. ‘ಮೊದಲಿನ ಹಾಗೆ ಹಬೆ ಬರುತ್ತಿಲ್ಲ’ ಎಂಬ ದೂರಿಗೆ ಕಾರಣ ಎಷ್ಟೋ ಸಲ ಇಷ್ಟೇ.

ಕಾಯಿಸುವ ಕ್ರಮ

ವಿದ್ಯುತ್ ಒಲೆಯಾದರೆ, ಸ್ವಿಚ್ ತಿರುಗಿಸುವ ಮುಂಚೆ ಒಲೆಯ ಮೇಲೆ, ಹತ್ತಿರ ಏನೂ ಇಲ್ಲವೆಂದು ಕಣ್ಣಾರೆ ನೋಡಿ. ಫ್ಲ್ಯಾಟಿನ ಸೌನಾವನ್ನು ಸಾಮಾನು ತುಂಬುವ ಕೋಣೆಯಾಗಿ, ಬಟ್ಟೆ ಒಣಹಾಕುವ ಜಾಗವಾಗಿ ಬಳಸುವ ರೂಢಿ ಹೊಸಬರಲ್ಲಿ ಬರುವುದುಂಟು. ಒಲೆಯ ಮೇಲೆ ಕಟ್ಟಿದ ದಾರದಿಂದ ಒಂದು ಟವೆಲ್ ಜಾರಿ ಬಿದ್ದರೂ, ಯಾರೋ ಅರಿಯದೆ ಗುಂಡಿ ತಿರುಗಿಸಿದರೂ ಬೆಂಕಿ ಹೊತ್ತಿಕೊಳ್ಳುತ್ತದೆ. ಸಾಮಾನು ಇಡಲೇಬೇಕೆಂದರೆ ಒಲೆಯ ಫ್ಯೂಸ್ ತೆಗೆಸಿ ಇಡಿ. ಟೈಮರ್ ಸಾಮಾನ್ಯವಾಗಿ ಎರಡು ಭಾಗದ್ದು: ಮೊದಲ ನಾಲ್ಕು ಗಂಟೆ ತಕ್ಷಣ ಕಾಯಲು, ಆಮೇಲಿನ ಎಂಟು ತಡವಾಗಿ ಶುರುವಾಗಲು. ಗುಂಡಿಯನ್ನು ಹೆಚ್ಚು ತಿರುಗಿಸಿಬಿಟ್ಟು ‘ಒಲೆ ಕೆಟ್ಟಿದೆ’ ಎಂದುಕೊಳ್ಳುವವರಿದ್ದಾರೆ. ಸಣ್ಣ ಸೌನಾಕ್ಕೆ 30ರಿಂದ 60 ನಿಮಿಷ ಬೇಕು. ಉಷ್ಣಮಾಪಕ 80 ತೋರಿಸಿದ ಕೂಡಲೇ ನುಗ್ಗಬೇಡಿ; ಗಾಳಿ ಬೇಗ ಕಾಯುತ್ತದೆ, ಕಲ್ಲು ನಿಧಾನ. ಇನ್ನೊಂದು ಕಾಲು ಗಂಟೆ ಕಾದರೆ ಗೋಡೆಯೂ ಕಲ್ಲೂ ಹದಕ್ಕೆ ಬರುತ್ತವೆ.

ಸೌದೆ ಒಲೆಗೆ ಒಣ ಬರ್ಚ್ ಅಥವಾ ಆಲ್ಡರ್ ಸೌದೆ ಒಳ್ಳೆಯದು, ತೇವಾಂಶ ಶೇ. 20ಕ್ಕಿಂತ ಕಡಿಮೆ ಇರಬೇಕು. ಹಸಿ ಸೌದೆ ಹೊಗೆಯಾಡಿ ಕೊಳವೆಗೆ ಮಸಿ ಕಟ್ಟುತ್ತದೆ. ಮೊದಲು ಬೂದಿ ತೆಗೆಯಿರಿ, ಹೊಗೆಕೊಳವೆಯ ತಗಡು ಮುಚ್ಚಳ ತೆರೆಯಿರಿ. ಆಮೇಲೆ ಮಣಿಕಟ್ಟಿನ ದಪ್ಪದ ಸೀಳುಗಳನ್ನು ಸಡಿಲವಾಗಿ ಜೋಡಿಸಿ, ಮೇಲೆ ಸಿಬಿರು ಮತ್ತು ಬರ್ಚಿನ ತೊಗಟೆ ಇಟ್ಟು, ಮೇಲಿನಿಂದ ಹೊತ್ತಿಸಿ. ತೊಗಟೆಯಲ್ಲಿ ಎಣ್ಣೆಯಂಶ ಇರುವುದರಿಂದ ಕಾಗದಕ್ಕಿಂತ ಚೆನ್ನಾಗಿ ಹತ್ತುತ್ತದೆ. ಮೇಲಿನಿಂದ ಹತ್ತಿದ ಬೆಂಕಿ ಕಡಿಮೆ ಹೊಗೆ ಕೊಡುತ್ತದೆ. ಒಂದು ತುಂಬು ಉರಿದು ಕೆಂಡವಾದ ಮೇಲೆ ಎರಡನೆಯದು ಹಾಕಿ. ಚಳಿಗಾಲದಲ್ಲಿ ಮೂರನೆಯದೂ ಬೇಕಾಗುತ್ತದೆ. ಒಟ್ಟು ಒಂದರಿಂದ ಎರಡು ಗಂಟೆ. ಶಾಖ ಉಳಿಯಲೆಂಬ ಆಸೆಗೆ ಕೆಂಡವಿರುವಾಗಲೇ ಕೊಳವೆಯ ಮುಚ್ಚಳ ಮುಚ್ಚುವುದು ಜೀವಕ್ಕೇ ಅಪಾಯ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು ಬಂದರೆ ತಕ್ಷಣ ಹೊರಗೆ ಬನ್ನಿ.

ಒಳಗೆ ಹೋಗುವ ಮುಂಚೆ

ಹೊಟ್ಟೆ ತುಂಬ ಉಂಡು ಹೋಗಬೇಡಿ, ಬರಿ ಹೊಟ್ಟೆಯಲ್ಲೂ ಬೇಡ. ಒಂದೆರಡು ಲೋಟ ನೀರು ಕುಡಿಯಿರಿ.

ಮೈಮೇಲಿನ ಲೋಹವನ್ನೆಲ್ಲ ತೆಗೆಯಿರಿ. ಸರ, ಮಾಂಗಲ್ಯ, ಬಳೆ, ಓಲೆ, ಉಂಗುರ, ಕಾಲುಂಗುರ, ಕೈಗಡಿಯಾರ: ಎಲ್ಲವೂ ಕೆಲವೇ ನಿಮಿಷದಲ್ಲಿ ಚರ್ಮ ಸುಡುವಷ್ಟು ಕಾಯುತ್ತವೆ. ತೆಗೆಯಲಾಗದ ಓಲೆಯಿದ್ದರೆ ಕಿವಿಗೆ ಒದ್ದೆ ಬಟ್ಟೆ ಸುತ್ತಿ ಕೆಳಗಿನ ಹಲಗೆಯಲ್ಲಿ ಕುಳಿತುಕೊಳ್ಳಿ. ಕನ್ನಡಕವನ್ನೂ ಹೊರಗಿಡಿ. ಅಭ್ಯಂಜನದ ರೂಢಿಯಲ್ಲಿ ಮೈತಲೆಗೆ ಎಣ್ಣೆ ಹಚ್ಚಿಕೊಂಡು ಹೋಗುವುದು ಬೇಡ. ಆಸ್ಪೆನ್ ಹಲಗೆ ಎಣ್ಣೆ ಹೀರಿದರೆ ಆ ಕಲೆ ಹೋಗುವುದಿಲ್ಲ, ಮೆಟ್ಟಿಲೂ ಜಾರುತ್ತದೆ. ಎಣ್ಣೆ ಹಚ್ಚುವುದಿದ್ದರೆ ಎಲ್ಲ ಮುಗಿದ ಮೇಲೆ.

ಶವರಿನಲ್ಲಿ ಸೋಪು ಹಚ್ಚಿ ತೊಳೆದುಕೊಂಡು ಹೋಗುವುದು ಕಡ್ಡಾಯದ ಮರ್ಯಾದೆ. ಸೌನಾ ಕೊಳೆ ಬಿಡುವ ಜಾಗವಲ್ಲ, ತೊಳೆದ ಮೈ ಬೆಚ್ಚಗಾಗುವ ಜಾಗ. ಬಟ್ಟೆಯ ಪ್ರಶ್ನೆಯೇ ನಮ್ಮವರನ್ನು ಹೆಚ್ಚು ಕಾಡುವುದು. ಮನೆಯವರು ಒಟ್ಟಿಗೆ, ಗಂಡಸರು ಗಂಡಸರೊಂದಿಗೆ, ಹೆಂಗಸರು ಹೆಂಗಸರೊಂದಿಗೆ ಬಟ್ಟೆಯಿಲ್ಲದೆ ಕೂರುವುದು ಅಲ್ಲಿನ ಸಹಜ ರೂಢಿ. ಅದರಲ್ಲಿ ಯಾವ ಕಾಮನೆಯ ಅರ್ಥವೂ ಇಲ್ಲ. ಸ್ನೇಹಿತರ ಮನೆಯಲ್ಲಿ ಟವೆಲ್ ಸುತ್ತಿಕೊಂಡು ಬರುತ್ತೇನೆ ಎಂದರೆ ಯಾರೂ ಬೇಸರಿಸುವುದಿಲ್ಲ, ಮೊದಲೇ ಹೇಳಿ. ಈಜುಕೊಳಗಳ ಸೌನಾದಲ್ಲಿ ಮಾತ್ರ ಈಜುಡುಗೆ ನಿಷೇಧ: ಬಟ್ಟೆಯಲ್ಲಿ ಉಳಿದ ಕ್ಲೋರಿನ್ ಕಾದು ಎಲ್ಲರ ಕಣ್ಣು ಮೂಗು ಉರಿಸುತ್ತದೆ. ಅಲ್ಲಿ ಹೆಂಗಸರಿಗೂ ಗಂಡಸರಿಗೂ ಕೋಣೆ ಬೇರೆ ಬೇರೆ. ಎಲ್ಲಿಗೆ ಹೋದರೂ ಕೂರುವ ಜಾಗಕ್ಕೆ ಹಾಸಿಕೊಳ್ಳಲು ಸಣ್ಣ ಹತ್ತಿಯ ಅಥವಾ ಲಿನನ್ ಬಟ್ಟೆಯೊಂದು ಜೊತೆಗಿರಲಿ.

ಒಳಗೆ

ಮೊದಲ ಸಲ ಹೋಗುವವರು ಕೆಳಗಿನ ಹಲಗೆಯಿಂದ ಶುರುಮಾಡಿ. ನಾಲ್ಕೈದು ನಿಮಿಷ ಸುಮ್ಮನೆ ಕುಳಿತು ಬೆವರು ಹನಿಯುವವರೆಗೆ ಕಾಯಿರಿ. ಬಾಗಿಲನ್ನು ತೆರೆದರೆ ಬೇಗ ಮುಚ್ಚಿ.

ಇನ್ನು ನೀರು. ಮರದ ಬಕೆಟ್ಟಿನಲ್ಲಿ ಶುದ್ಧ ಕುಡಿಯುವ ನೀರು, ಬೆಚ್ಚಗಿದ್ದರೆ ಇನ್ನೂ ಒಳ್ಳೆಯದು. ಸಮುದ್ರದ ನೀರು ಒಲೆಯ ಕಬ್ಬಿಣವನ್ನು ತಿನ್ನುತ್ತದೆ. ಈಜುಕೊಳದ ನೀರು ಸುತರಾಂ ಬೇಡ. ಉದ್ದ ಹಿಡಿಯ ಸೌಟಿನಲ್ಲಿ ಒಮ್ಮೆಗೆ 100ರಿಂದ 200 ಮಿಲಿಲೀಟರ್ ಸಾಕು. ಕೈಯನ್ನು ಕಲ್ಲಿನ ನೇರಕ್ಕೆ ಚಾಚಬೇಡಿ, ಹಬೆ ನೇರ ಮೇಲೇಳುವುದರಿಂದ ಮುಂಗೈ ಸುಟ್ಟೀತು. ಪಕ್ಕದಿಂದ, ಕಲ್ಲಿನ ಮೇಲೆಲ್ಲ ಹರಡುವಂತೆ, ನಿಧಾನವಾಗಿ ಹಾಕಿ.

ಈಗ ಕಿವಿಗೊಡಿ. ಕಲ್ಲು ಹದವಾಗಿ ಕಾದಿದ್ದರೆ ನೀರು ಸುಂಯ್ ಎಂದು ಕ್ಷಣದಲ್ಲಿ ಮಾಯವಾಗುತ್ತದೆ. ಕಣ್ಣಿಗೆ ಹೆಚ್ಚೇನೂ ಕಾಣುವುದಿಲ್ಲ. ಎರಡು ಮೂರು ಉಸಿರಿನ ಹೊತ್ತಾದ ಮೇಲೆ ಚಾವಣಿಯಿಂದ ಬಿಸಿ ಇಳಿದು ಮೊದಲು ಕಿವಿಯ ತುದಿಗೆ, ಆಮೇಲೆ ಹೆಗಲಿಗೆ, ಬೆನ್ನಿಗೆ ತಾಗುತ್ತದೆ. ಬಿಳಿ ಮಂಜು ಕಂಡರೆ, ನೀರು ಕಲ್ಲಿನ ಸಂದಿನಿಂದ ಹನಿಹನಿಯಾಗಿ ನೆಲಕ್ಕೆ ಇಳಿದರೆ, ಕಲ್ಲು ಇನ್ನೂ ಕಾದಿಲ್ಲ. ನೀರು ಹಾಕುವುದು ನಿಲ್ಲಿಸಿ ಕಾಯಬೇಕು. ಹಬೆ ಸೂಜಿ ಚುಚ್ಚಿದಂತೆ ಇದ್ದರೆ ಶಾಖ ಹೆಚ್ಚಾಗಿದೆ, ಗಾಳಿ ಅತಿ ಒಣಗಿದೆ. ಆಗ ಥರ್ಮೋಸ್ಟಾಟ್ ಇಳಿಸಿ, ಬಾಗಿಲು ಅರೆಕ್ಷಣ ತೆರೆದು, ಸಣ್ಣ ಸೌಟುಗಳಲ್ಲಿ ಹೆಚ್ಚು ಸಲ ನೀರು ಹಾಕಿ. 70 ಡಿಗ್ರಿಯಲ್ಲಿ ತೇವದ ಹಬೆ 100 ಡಿಗ್ರಿಯ ಒಣಬಿಸಿಗಿಂತ ಎಷ್ಟೋ ಸುಖ. ಡಿಗ್ರಿ ಎಷ್ಟು ತಡೆದುಕೊಂಡೆ ಎಂದು ಸ್ಪರ್ಧೆಗಿಳಿಯುವುದು ಸೌನಾದ ಜಾಯಮಾನಕ್ಕೆ ಒಗ್ಗದ ಮಾತು.

ಒಲೆಯ ಪಕ್ಕ ಕುಳಿತವರು ನೀರು ಹಾಕುವುದು ರೂಢಿ, ‘ಹಾಕಲೇ’ ಎಂದು ಮಿಕ್ಕವರನ್ನು ಕೇಳಿ ಹಾಕುವುದು ಮರ್ಯಾದೆ. ಸಾಕೆನಿಸಿದವರು ಕೆಳಗಿಳಿಯುವುದಕ್ಕೂ ಹೊರಗೆ ಹೋಗುವುದಕ್ಕೂ ಯಾರ ಅಪ್ಪಣೆಯೂ ಬೇಕಿಲ್ಲ. ಮಾತು ಇರಬಹುದು, ಮೌನವೂ ಇರಬಹುದು. ಫಿನ್ನರಿಗೆ ಮೌನ ಮುಜುಗರವಲ್ಲ. ಹುದ್ದೆ, ಪದವಿ ಬಟ್ಟೆಯೊಂದಿಗೆ ಹೊರಗೇ ಉಳಿಯುತ್ತವೆ. ಫಿನ್ಲೆಂಡಿನ ಆಗಿನ ಅಧ್ಯಕ್ಷ ಉರ್ಹೊ ಕೆಕ್ಕೊನೆನ್ 1960ರಲ್ಲಿ ಸೋವಿಯತ್ ನಾಯಕ ನಿಕಿತಾ ಕ್ರುಶ್ಚೇವ್ ಅವರನ್ನು ಹೆಲ್ಸಿಂಕಿಯ ತಮ್ಮ ತಮ್ಮಿನಿಯೆಮಿ ನಿವಾಸದ ಸೌನಾಕ್ಕೆ ಕರೆದುಕೊಂಡು ಹೋದದ್ದು ಆ ದೇಶದ ರಾಜತಾಂತ್ರಿಕ ಚರಿತ್ರೆಯಲ್ಲಿ ಇಂದಿಗೂ ನೆನೆಯುವ ಸಂಗತಿ.

ಒಂದು ಸುತ್ತು 8ರಿಂದ 15 ನಿಮಿಷ. ಗಡಿಯಾರಕ್ಕಿಂತ ಮೈ ಹೇಳುವುದನ್ನು ನಂಬಿ. ಎದೆ ಡವಗುಟ್ಟಿದರೆ, ತಲೆ ಹಗುರಾದರೆ ಆಗಲೇ ಇಳಿಯಿರಿ. ಇಳಿಯುವಾಗ ಕೆಳಗಿನ ಹಲಗೆಯಲ್ಲಿ ಅರೆನಿಮಿಷ ಕುಳಿತು ಏಳಿ, ಇಲ್ಲವಾದರೆ ರಕ್ತದೊತ್ತಡ ತಗ್ಗಿ ಕಣ್ಣು ಕತ್ತಲಿಟ್ಟೀತು. ಹೊರಗೆ ತಂಪಾಗಲು ಒಳಗೆ ಕಳೆದಷ್ಟೇ ಹೊತ್ತು ಕೊಡಿ: ಬಾಲ್ಕನಿ, ಶವರು, ಕೆರೆ, ಚಳಿಗಾಲವಾದರೆ ಹಿಮ. ಹೀಗೆ ಎರಡು ಮೂರು ಸುತ್ತು. ನಡುನಡುವೆ ನೀರು ಕುಡಿಯುತ್ತಿರಿ. ಬಿಯರ್ ಜೊತೆಗಿಡುವವರು ಅಲ್ಲಿ ಅನೇಕರು. ಆದರೆ ಸೌನಾದ ಸಾವುಗಳಲ್ಲಿ ಮದ್ಯದ ಪಾಲು ದೊಡ್ಡದೆಂದು ಅಲ್ಲಿನ ವೈದ್ಯರೇ ಎಚ್ಚರಿಸುತ್ತಾರೆ. ಕುಡಿಯುವುದಿದ್ದರೆ ಎಲ್ಲ ಮುಗಿದ ಮೇಲೆ.

ಬರ್ಚಿನ ಸೊಪ್ಪು

ಬರ್ಚ್ ರೆಂಬೆಗಳ ಕಟ್ಟನ್ನು ಪಶ್ಚಿಮ ಫಿನ್ಲೆಂಡಿನವರು ವಿಹ್ತ ಎಂದೂ ಪೂರ್ವದವರು ವಸ್ತ ಎಂದೂ ಕರೆಯುತ್ತಾರೆ. ಇದರಿಂದ ಮೈಯನ್ನು ಮೆಲ್ಲಗೆ ತಟ್ಟಿಕೊಂಡಾಗ ಬಿಸಿ ಗಾಳಿ ಚರ್ಮಕ್ಕೆ ಒತ್ತಿ, ರಕ್ತ ಮೇಲ್ಮೈಗೆ ಹರಿದು, ಕೋಣೆಯೆಲ್ಲ ಹಸಿ ಎಲೆಯ ಪರಿಮಳ ತುಂಬುತ್ತದೆ.

ಸೊಪ್ಪು ಕೊಯ್ಯಲು ಯುಹನ್ನುಸ್‌ನ ಆಸುಪಾಸು ಸರಿಯಾದ ಕಾಲ. ಆಗ ಎಲೆ ಬಲಿತಿರುತ್ತದೆ, ಉದುರುವುದಿಲ್ಲ. ಇಳಿಬೀಳುವ ರೆಂಬೆಗಳ ರೌದುಸ್ ಬರ್ಚ್ ಉತ್ತಮ. ಅದರ ಎಲೆ ನುಣುಪು. ಕಾಡಿನಲ್ಲಿ ಹಣ್ಣು, ಅಣಬೆ ಆಯುವ ಹಕ್ಕು ಫಿನ್ಲೆಂಡಿನಲ್ಲಿ ಎಲ್ಲರಿಗೂ ಇದೆ, ಆದರೆ ನಿಂತ ಮರದ ರೆಂಬೆ ಕಡಿಯುವ ಹಕ್ಕು ಅದರಲ್ಲಿ ಸೇರಿಲ್ಲ. ಜಮೀನಿನ ಒಡೆಯರ ಒಪ್ಪಿಗೆ ಪಡೆದೇ ಕೊಯ್ಯಬೇಕು.

ಸುಮಾರು ಅರ್ಧ ಮೀಟರ್ ಉದ್ದದ ತೆಳು ರೆಂಬೆಗಳನ್ನು ಆರಿಸಿ. ಹಿಡಿಯ ಭಾಗದಲ್ಲಿ ಒಂದು ಗೇಣಿನಷ್ಟು ಎಲೆ ಸವರಿ. ಉದ್ದ, ದಟ್ಟ ರೆಂಬೆಗಳು ನಡುವೆ, ಚಿಕ್ಕವು ಸುತ್ತ, ಎಲೆಯ ನುಣುಪು ಮೈ ಹೊರಗೆ ಬರುವಂತೆ ಜೋಡಿಸಿ. ಎರಡೂ ಕೈಗಳಿಂದ ತಿರುಚಿ ಮೆದುಮಾಡಿದ ಬರ್ಚಿನ ಕಡ್ಡಿಯಿಂದಲೇ ಬಿಗಿಯಾಗಿ ಕಟ್ಟಿ, ಬುಡವನ್ನು ಸಮನಾಗಿ ಕತ್ತರಿಸಿ. ದಾರದಿಂದ ಕಟ್ಟಿದರೂ ನಡೆದೀತು. ಚಳಿಗಾಲಕ್ಕೆ ನೆರಳಲ್ಲಿ ತೂಗುಹಾಕಿ ಒಣಗಿಸುತ್ತಾರೆ, ಇಲ್ಲವೇ ತಾಜಾ ಇರುವಾಗಲೇ ಚೀಲದಲ್ಲಿ ಸುತ್ತಿ ಫ್ರೀಜರಿಗೆ ಹಾಕುತ್ತಾರೆ. ಫ್ರೀಜರಿನದು ತಾಜಾತನಕ್ಕೆ ಹೆಚ್ಚು ಹತ್ತಿರ. ಒಣಗಿದ್ದನ್ನು ಬಳಸುವ ಮುಂಚೆ ಬೆಚ್ಚನೆಯ ನೀರಿನಲ್ಲಿ ಕಾಲು ಗಂಟೆಯಿಂದ ಅರ್ಧ ಗಂಟೆ ನೆನೆಸಿ. ಕುದಿಯುವ ನೀರು ಹೊಯ್ದರೆ ಎಲೆ ಕಳಚಿಕೊಳ್ಳುತ್ತದೆ. ಕಟ್ಟನ್ನು ಕಾದ ಕಲ್ಲಿನ ಮೇಲೆ ಇಡಬೇಡಿ, ಎಲೆ ಕರಟಿ ಹೊಗೆಯಾಗುತ್ತದೆ. ಬರ್ಚಿನ ಪರಾಗ ಒಗ್ಗದವರು ಇದರಿಂದ ದೂರವಿರುವುದು ಲೇಸು. ಸಾರ್ವಜನಿಕ ಸೌನಾಗಳಲ್ಲಿ ಉದುರಿದ ಎಲೆ ಚರಂಡಿ ಕಟ್ಟುವುದರಿಂದ ಸೊಪ್ಪು ತರಬಹುದೇ ಎಂದು ಮೊದಲೇ ಕೇಳಿ.

ಹಿಮದ ನೀರು

ಹೆಪ್ಪುಗಟ್ಟಿದ ಕೆರೆಯಲ್ಲಿ ಕೊರೆದ ಹೊಂಡಕ್ಕೆ ಅವಂತೊ ಎನ್ನುತ್ತಾರೆ. ಇಳಿಯುವುದು ಏಣಿಯಿಂದ, ನಿಧಾನವಾಗಿ. ಹಾರುವುದಲ್ಲ, ತಲೆ ಮುಳುಗಿಸುವುದೂ ಅಲ್ಲ. ನೀರು ಎದೆಗೆ ಬಂದಾಗ ಉಸಿರು ಹಿಡಿದುಕೊಳ್ಳುತ್ತದೆ. ಉದ್ದಕ್ಕೆ ಉಸಿರು ಬಿಡುತ್ತಾ ಇಳಿದರೆ ಅದು ಸಡಿಲುತ್ತದೆ. ಮೊದಲ ಸಲಕ್ಕೆ ಹತ್ತು ಹದಿನೈದು ಸೆಕೆಂಡು ಸಾಕು. ಒದ್ದೆ ಕಾಲು ಮಂಜುಗಡ್ಡೆಗೆ ಅಂಟದಂತೆ, ಜಾರದಂತೆ ಕಾಲಿಗೆ ಏನಾದರೂ ಇರಲಿ. ಒಂಟಿಯಾಗಿ ಹೋಗಬೇಡಿ. ಹೃದಯದ ತೊಂದರೆ, ಹತೋಟಿಗೆ ಬಾರದ ರಕ್ತದೊತ್ತಡ ಇರುವವರಿಗೆ ಇದು ಸಲ್ಲದು. ಇದನ್ನು ಮಾಡದಿದ್ದರೆ ಸೌನಾ ಅಪೂರ್ಣ ಎಂದೇನೂ ಇಲ್ಲ.

ಆರೋಗ್ಯದ ಮಾತು

ಪೂರ್ವ ಫಿನ್ಲೆಂಡಿನ ಕುಓಪಿಯೊ ಪ್ರದೇಶದ 2,315 ನಡುವಯಸ್ಸಿನ ಗಂಡಸರನ್ನು ಸುಮಾರು 20 ವರ್ಷ ಗಮನಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ವಾರಕ್ಕೆ ನಾಲ್ಕರಿಂದ ಏಳು ಸಲ ಸೌನಾ ಮಾಡುವವರಲ್ಲಿ ಹೃದಯದ ಕಾರಣದಿಂದಾಗುವ ಹಠಾತ್ ಸಾವು ವಾರಕ್ಕೊಮ್ಮೆ ಮಾಡುವವರಿಗಿಂತ ಬಹಳ ಕಡಿಮೆ ಕಂಡಿತು. ಇದು ಗಮನಿಸಿ ಕಂಡ ನಂಟು. ಸೌನಾದಿಂದಲೇ ಹೀಗಾಯಿತೆಂಬ ರುಜುವಾತಲ್ಲ. ‘ಬೆವರಿನಲ್ಲಿ ವಿಷವೆಲ್ಲ ಹೋಗುತ್ತದೆ’ ಎಂಬ ಜಾಹೀರಾತಿನ ಮಾತನ್ನು ನಂಬಬೇಕಿಲ್ಲ, ಆ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದು. ತೂಕ ಇಳಿದಂತೆ ಕಂಡರೆ ಅದು ಬರೀ ನೀರು.

ಇತ್ತೀಚೆಗೆ ಹೃದಯಾಘಾತವಾದವರು, ವಿಶ್ರಾಂತಿಯಲ್ಲೂ ಎದೆನೋವು ಬರುವವರು, ಹೃದಯದ ಮಹಾಪಧಮನಿಯ ಕವಾಟ ತೀರ ಕಿರಿದಾದವರು ಹೋಗಬಾರದು. ಜ್ವರವಿದ್ದಾಗ ಬೇಡ. ರಕ್ತದೊತ್ತಡದ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿ ಹೋಗಲಿ. ಗರ್ಭಿಣಿಯರು ಫಿನ್ಲೆಂಡಿನಲ್ಲಿ ಹದವಾದ ಶಾಖದಲ್ಲಿ ಹೋಗುತ್ತಾರೆ; ಬಾಲ್ಯದಿಂದ ರೂಢಿಯಿಲ್ಲದ ನಮ್ಮವರು ಬಸಿರಿನಲ್ಲಿ ಹೊಸದಾಗಿ ಶುರುಮಾಡುವ ಮುಂಚೆ ತಪಾಸಣೆಯ ವೈದ್ಯರ ಮಾತು ಕೇಳಬೇಕು. ಅತಿ ಶಾಖ ವೀರ್ಯಾಣುಗಳ ಸಂಖ್ಯೆಯನ್ನು ತಾತ್ಕಾಲಿಕವಾಗಿ ತಗ್ಗಿಸುತ್ತದೆ ಎಂಬುದು ಮಗುವಿಗಾಗಿ ಕಾಯುತ್ತಿರುವವರಿಗೆ ತಿಳಿದಿರಲಿ. ಮಕ್ಕಳ ಮೈ ದೊಡ್ಡವರದಕ್ಕಿಂತ ಬೇಗ ಕಾಯುತ್ತದೆ: ಕೆಳಗಿನ ಹಲಗೆ, ಕೆಲವೇ ನಿಮಿಷ, ಒಲೆಯಿಂದ ದೂರ, ದೊಡ್ಡವರ ಕಣ್ಣಳತೆಯಲ್ಲಿ.

ಹೊರಗಿನ ಸೌನಾಗಳು, ಕಟ್ಟಡದ ಸರದಿ

ಮನೆಯಲ್ಲಿ ಇಲ್ಲದವರಿಗೆ ಕಟ್ಟಡದ ಸೌನಾದಲ್ಲಿ ವಾರಕ್ಕೊಂದು ಗಂಟೆಯ ಸರದಿ ಸಿಗುತ್ತದೆ. ಇದಕ್ಕೆ ತಿಂಗಳಿಗೊಂದು ಸಣ್ಣ ಶುಲ್ಕ. ಆ ಒಂದು ಗಂಟೆಯಲ್ಲಿ ಬಟ್ಟೆ ಬಿಚ್ಚುವುದು, ಸ್ನಾನ, ಉಡುವುದು ಎಲ್ಲ ಸೇರಿದೆ. ನಿಮ್ಮ ಹೊತ್ತು ಮುಗಿಯುವ ಮುಂಚೆ ಹಲಗೆಗೆ ನೀರು ಸುರಿದು, ಕಾಲೊರಸು ಎತ್ತಿ, ಮುಂದಿನವರಿಗೆ ಜಾಗ ಖಾಲಿ ಮಾಡಿ. ಸರದಿ ತಪ್ಪಿಸುವವರ ಬಗ್ಗೆ ಅಕ್ಕಪಕ್ಕದವರಿಗೆ ನಿಜವಾದ ಸಿಟ್ಟು ಬರುತ್ತದೆ.

ಸಾರ್ವಜನಿಕ ಸೌನಾಗಳಲ್ಲಿ ತಾಂಪೆರೆಯ ಪಿಸ್ಪಲಾದಲ್ಲಿರುವ ರಾಯಪೊರ್ತ್ತಿಯನ್ನು ನೋಡಲೇಬೇಕು. 1906ರದು, ಇಂದಿಗೂ ನಡೆಯುತ್ತಿರುವವುಗಳಲ್ಲಿ ದೇಶದಲ್ಲೇ ಹಳೆಯದು. ಹೆಲ್ಸಿಂಕಿಯ ಕಲ್ಲಿಯೊ ಬಡಾವಣೆಯ ಕೊತಿಹರ್ಯು 1928ರಿಂದ ಇದೆ. ಅಲ್ಲಿ ಗಂಡಸರಿಗೂ ಹೆಂಗಸರಿಗೂ ಕೋಣೆ ಬೇರೆ. ಹೆಲ್ಸಿಂಕಿಯ ಕಡಲಂಚಿನಲ್ಲಿ 2016ರಲ್ಲಿ ತೆರೆದ ಲೊಯ್ಲು ಎಂಬ ಹೆಸರಿನದೇ ಸೌನಾದಲ್ಲಿ ಎಲ್ಲರೂ ಈಜುಡುಗೆ ತೊಟ್ಟು ಒಟ್ಟಿಗೆ ಕೂರುತ್ತಾರೆ. ಸಂಕೋಚವಿರುವ ಹೊಸಬರಿಗೆ ಇದು ಸುಲಭದ ಬಾಗಿಲು.

ಮುಗಿಸುವಾಗ

ಕೊನೆಯ ಸುತ್ತಿನ ನಂತರ ತಣ್ಣೀರಿನಲ್ಲಿ ಮೈ ತೊಳೆದು, ಬೆವರು ನಿಲ್ಲುವವರೆಗೆ ಟವೆಲ್ ಸುತ್ತಿ ಕುಳಿತುಕೊಳ್ಳಿ. ಬೆವರುತ್ತಿರುವಾಗಲೇ ಬಟ್ಟೆ ತೊಟ್ಟರೆ ಒದ್ದೆಯಾಗಿ ಹೊರಗಿನ ಚಳಿಗೆ ನಡುಗಬೇಕಾಗುತ್ತದೆ. ಸೌನಾ ಆದಮೇಲೆ ಹುರಿದ ಸಾಸೇಜು ತಿನ್ನುವುದು ಅಲ್ಲಿನ ರೂಢಿ. ಬೆವರಿನಲ್ಲಿ ಹೋದ ಉಪ್ಪು ತುಂಬಿಕೊಳ್ಳಲು ಸಸ್ಯಾಹಾರಿಗಳಿಗೆ ಉಪ್ಪು ಹಾಕಿದ ಮಜ್ಜಿಗೆ ಅಷ್ಟೇ ಚೆನ್ನಾಗಿ ಹೊಂದುತ್ತದೆ.

ಹಲಗೆಗಳ ಮೇಲೆ ನೀರು ಸುರಿದು ಬ್ರಷ್ಷಿನಿಂದ ಉಜ್ಜಿ. ಬಕೆಟ್ ಖಾಲಿ ಮಾಡಿ ಬೋರಲು ಹಾಕಿ. ಮೇಲಿನ ಕಿಂಡಿ ತೆರೆಯಿರಿ. ವಿದ್ಯುತ್ ಒಲೆಯನ್ನು, ನೀವು ಮನೆಯಲ್ಲೇ ಇರುವಾಗ, ಇನ್ನೊಂದು ಕಾಲು ಗಂಟೆ ಉರಿಯಲು ಬಿಟ್ಟು ಆರಿಸಿದರೆ ಮರ ಬೇಗ ಒಣಗುತ್ತದೆ. ಹೀಗೆ ಮಾಡದ ಸೌನಾಗಳಲ್ಲಿ ಹಲಗೆಯ ಅಡಿಭಾಗ ಕಪ್ಪಾಗಿ ಬೂಷ್ಟು ಹಿಡಿಯುತ್ತದೆ. ಸೌದೆ ಒಲೆಯ ಬೂದಿಯನ್ನು ಮುಚ್ಚಳವಿರುವ ಲೋಹದ ಬಕೆಟ್ಟಿಗೆ ತೆಗೆದು ಕಲ್ಲು ಅಥವಾ ಮಣ್ಣಿನ ನೆಲದ ಮೇಲೆ ಹೊರಗಿಡಿ. ಮೇಲೆ ತಣ್ಣಗೆ ಕಂಡರೂ ಒಳಗಿನ ಕೆಂಡ ಮಾರನೆಯ ದಿನದವರೆಗೂ ಜೀವಂತ ಇರುತ್ತದೆ.